ಕಿಟಕಿಯಲ್ಲಿಟ್ಟ ಅಕ್ಕಿ ಉಂಡೆಗಳು

ಮೊನ್ನೆ ಭಾನುವಾರ ಕಡುಬಿಗೆಂದು ಹಿಟ್ಟು ಉಕ್ಕರಿಸುತ್ತಿದ್ದೆ. ಕುದಿಯುವ ನೀರಿಗೆ ಅಕ್ಕಿಹಿಟ್ಟು ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದಲ್ಲ, ಅರ್ಧ ಹಸಿ, ಅರ್ಧ ಬೆಂದದ್ದು, ಗಂಜಿ ಹಾಕಿದ ಬಟ್ಟೆಯ ಹಾಗೆ. ಅದು ಮೂಗಿಗೆ ಬಂದಾಗ ನನಗೆ ನೆನಪಾಗಬೇಕಾದದ್ದು ಮೈಸೂರಿನ ನಮ್ಮ ಅಡುಗೆಮನೆ. ಪ್ರಬಂಧ ಬರೆಯುವವರಿಗೆಲ್ಲ ಹಾಗೇ ಆಗುತ್ತದೆ. ನನಗೆ ನೆನಪಾದದ್ದು ಮಾತ್ರ ನೆದರ್‌ಲ್ಯಾಂಡ್ಸಿನ ಇದೇ ವೆಲ್ಡ್‌ಹೋವನ್‌ನ ಪಕ್ಕದ ಮನೆ, ಯೋಶಿಕೊ ಅವರ ಅಡುಗೆಮನೆ. ಅದರೊಳಗೆ ನಾನು ಕೂತದ್ದು ಒಂದೇ ಒಂದು ಸಂಜೆ, ಕೊರೊನಾದ ಎರಡನೆಯ ವರ್ಷ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುವ ಅಭ್ಯಾಸ ಮಾಡಿಕೊಂಡೆ. ಉಪಯೋಗ ಅಷ್ಟಕ್ಕಷ್ಟೇ. ಆ ಸಂಜೆಯ ಬಗ್ಗೆ ಅಲ್ಲಿರುವುದು ಇಷ್ಟು: ‘ಅಮ್ಮನ ಜೊತೆ ಯೋಶಿಕೊ ಮನೆಗೆ. ದಾಂಗೊ. ಅಮ್ಮ ಮಾತಾಡಿದಳು.’ ಅದೇ ಪುಟದಲ್ಲಿ ನನ್ನ ಸೈಕಲ್ ಪಂಕ್ಚರ್ ಆದ ಕಥೆ ಇದಕ್ಕಿಂತ ಉದ್ದವಾಗಿದೆ.

ಆ ವರ್ಷದ ಎರಡನೆಯ ಅಲೆಯಲ್ಲಿ ಅಪ್ಪ ಹೋದರು. ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ವಿಮಾನಗಳು ನಿಂತಿದ್ದರಿಂದ ನನಗೆ ಹೋಗಲು ಆಗಲಿಲ್ಲ. ಅಮ್ಮನಿಗೂ ಸೋಂಕಿತ್ತು, ಮೈಸೂರಿನ ಫ್ಲ್ಯಾಟಿನ ಬಾಗಿಲಿಗೆ ಯಾರೂ ಬರಬಾರದೆಂದು ಚೀಟಿ ಅಂಟಿಸಿದ್ದರು. ಕರ್ಮಗಳನ್ನು ದೊಡ್ಡಪ್ಪನ ಮಗ ಹೇಗೋ ಮಾಡಿ ಮುಗಿಸಿದ. ಫೋನುಗಳೇನೋ ಬಂದವು. ಮಾತಾಡಿಸಲು ಮನೆಗೆ ಒಬ್ಬರೂ ಬರಲಿಲ್ಲ, ಬರುವ ಹಾಗೂ ಇರಲಿಲ್ಲ.

ಈ ಮಾತಾಡಿಸುವುದು ನಿಮಗೂ ಗೊತ್ತಿರುವುದೇ. ಸಾವಾದ ಮನೆಗೆ ಹೋಗಿ ಗೋಡೆಗೊರಗಿ ಕೂತು, ‘ಹೇಗಾಯ್ತು?’ ಎಂದು ಕೇಳುವುದು. ಮನೆಯವರು ಬಂದವರಿಗೆಲ್ಲ ಮೊದಲಿನಿಂದ ಹೇಳುವುದು. ಚಿಕ್ಕವಳಿದ್ದಾಗ ನನಗೆ ಇದು ಹಿಂಸೆ ಅನ್ನಿಸುತ್ತಿತ್ತು. ಅತ್ತು ಸುಸ್ತಾದವರನ್ನು ಯಾಕೆ ಮತ್ತೆ ಅದೇ ಆಸ್ಪತ್ರೆ, ಅದೇ ರಾತ್ರಿಗೆ ಎಳೆದುಕೊಂಡು ಹೋಗಬೇಕು? ಹೇಳಿ ಹೇಳಿಯೇ ದುಃಖದ ಮೊನೆ ಸವೆಯುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಅಮ್ಮನಿಗೆ ಒಂದು ಸಲವೂ ಹೇಳುವ ಅವಕಾಶ ಸಿಕ್ಕಿರಲಿಲ್ಲ. ಆಗಸ್ಟಿನಲ್ಲಿ ಲಸಿಕೆಯ ಸರ್ಟಿಫಿಕೇಟು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಬ್ಬರೂ ಡಿಶ್‌ವಾಷರಿನ ಬಗ್ಗೆ ಬೇಕಾದಷ್ಟು ಮಾತಾಡಿಕೊಂಡೆವು.

ಇಲ್ಲಿ ಅವಳಿಗೆ ಹಿಡಿಸಿದ್ದು ಕಿಟಕಿಗಳು. ಡಚ್ಚರು ಬೀದಿ ಕಡೆಯ ದೊಡ್ಡ ಕಿಟಕಿಗಳಿಗೆ ಪರದೆ ಎಳೆಯುವುದು ಕಡಿಮೆ. ಅಮ್ಮ ಸಂಜೆ ವಾಕಿಂಗ್ ಹೆಸರಿನಲ್ಲಿ ಇಡೀ ಬೀದಿಯ ಸಂಸಾರ ನೋಡಿಕೊಂಡು ಬಂದು, “ಮೂಲೆ ಮನೆಯವ್ರಿಗೆ ಇವತ್ತೂ ಆಲೂಗಡ್ಡೇನೇ ಕಣೇ, ಪಾಪ” ಎಂದು ವರದಿ ಒಪ್ಪಿಸುತ್ತಿದ್ದಳು. ಸೆಪ್ಟೆಂಬರಿನ ಹುಣ್ಣಿಮೆಯ ಸಂಜೆ ಹೋದಷ್ಟೇ ಬೇಗ ವಾಪಸು ಬಂದಳು.

“ಪಕ್ಕದ್ಮನೇಲಿ ಯಾರೋ ಹೋಗ್ಬಿಟ್ಟಿದಾರೆ ಕಣೇ.”

“ಯಾರು ಹೇಳಿದ್ರು ನಿಂಗೆ?”

“ಯಾರು ಹೇಳ್ಬೇಕು? ಕಿಟಕೀಲಿ ಪಿಂಡ ಇಟ್ಟಿದಾರೆ. ಪಕ್ಕದಲ್ಲಿ ದರ್ಭೆ ಥರ ಹುಲ್ಲು. ಪಿತೃಪಕ್ಷ ಬೇರೆ ಶುರುವಾಗ್ತಾ ಇದೆ.”

ಹೋಗಿ ನೋಡಿದೆ. ಯೋಶಿಕೊ ಅವರ ಅಡುಗೆಮನೆಯ ಕಿಟಕಿಯಲ್ಲಿ ಮರದ ಸಣ್ಣ ಮಣೆ, ಅದರ ಮೇಲೆ ಅಚ್ಚ ಬಿಳಿಯ ಅಕ್ಕಿ ಉಂಡೆಗಳನ್ನು ಗೋಪುರದ ಹಾಗೆ ಪೇರಿಸಿದ್ದರು. ಪಕ್ಕದ ಹೂಜಿಯಲ್ಲಿ ಉದ್ದುದ್ದ ಹುಲ್ಲು. ನನಗೂ ಅವು ಪಿಂಡದಂತೆಯೇ ಕಂಡವು. ದಾಂಗೊ ಎಂಬ ಪದ ಆಗ ನನಗೆ ಗೊತ್ತಿರಲಿಲ್ಲ. ಫೋನಿನ ಪುಟ್ಟ ಚಿತ್ರಗಳಲ್ಲಿ ಕಡ್ಡಿಗೆ ಚುಚ್ಚಿದ ಮೂರು ಬಣ್ಣದ ಗುಂಡುಗಳಿವೆಯಲ್ಲ, ಅವನ್ನು ಎಷ್ಟೋ ವರ್ಷ ಮಕ್ಕಳ ಗಿಲಕಿ ಅಂದುಕೊಂಡು ಬಾಣಂತಿಯರಿಗೆ ಕಳಿಸುತ್ತಿದ್ದವಳು ನಾನು.

“ಅಮ್ಮಾ, ಅವರು ಜಪಾನಿನವರು. ಬೇರೆ ಏನೋ ಇರತ್ತೆ.”

“ಯಾಕೆ, ಜಪಾನಿನವ್ರು ಸಾಯಲ್ವಾ?”

“ಇಲ್ಲೆಲ್ಲ ಹಾಗೆ ಹೇಳ್ದೆ ಕೇಳ್ದೆ ಯಾರ ಮನೆಗೂ ಹೋಗಲ್ಲ. ಕಾರ್ಡ್ ಕಳಿಸ್ತಾರೆ.”

“ಕಾರ್ಡು ಬಂದು ಎದುರಿಗೆ ಕೂತ್ಕೊಳುತ್ತಾ? ನೀನು ಬರ್ತೀಯೋ, ನಾನೊಬ್ಳೇ ಹೋಗ್ಲೋ?”

ಹೋದೆವು. ಯೋಶಿಕೊ ಐವತ್ತರ ಆಸುಪಾಸಿನ ಸಣಕಲು ಹೆಂಗಸು. ನಮ್ಮ ಬೀದಿಯ ಅರ್ಧ ಜನರಂತೆ ಅವರ ಗಂಡನದೂ ಚಿಪ್ ಯಂತ್ರಗಳ ಕೆಲಸ. ಅಲ್ಲಿಯವರೆಗೆ ನಾವಿಬ್ಬರು ಮಾತಾಡಿದ್ದೆಲ್ಲ ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಎಂಬುದರ ಬಗ್ಗೆ. ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡ ನಮ್ಮನ್ನು ಕಂಡು ಗಲಿಬಿಲಿಗೊಂಡರೂ ತಾವೂ ಮಾಸ್ಕ್ ಹಾಕಿಕೊಂಡು ಒಳಗೆ ಕರೆದರು, ಒಂದೂವರೆ ಮೀಟರ್ ದೂರಕ್ಕೆ ಕುರ್ಚಿ ಸರಿಸಿದರು. ಮನೆ ತುಂಬ ಉಕ್ಕರಿಸಿದ ಹಿಟ್ಟಿನ ವಾಸನೆ. ಅಮ್ಮ ಕೂತು, ಸೆರಗು ಹೊದ್ದು, ಅಚ್ಚ ಕನ್ನಡದಲ್ಲಿ ಕೇಳಿದಳು.

“ಯಾರಮ್ಮಾ ಹೋಗಿದ್ದು? ಹೇಗಾಯ್ತು?”

ಬೇರೆ ದಾರಿ ಕಾಣದೆ ನಾನು ಅದನ್ನು ಇಂಗ್ಲಿಷಿಗೆ ತಂದೆ. ಯೋಶಿಕೊ ಥಟ್ಟನೆ ಮೇಜಿನ ಮೇಲಿದ್ದ ಫೋನಿಗೆ ಕೈ ಹಾಕಿದರು. ಅವರ ತಂದೆ ಜಪಾನಿನಲ್ಲಿ, ಊರಿನ ವೃದ್ಧಾಶ್ರಮದಲ್ಲಿದ್ದರಂತೆ. ಗಡಿ ಮುಚ್ಚಿದ್ದರಿಂದ ಹೋಗಿ ನೋಡಲು ಆಗಿರಲಿಲ್ಲ. ತಮಗಿಂತ ಮೊದಲು ಸುದ್ದಿ ನಮಗೆ ಮುಟ್ಟಿತೆಂದು ಹೆದರಿದ್ದರು. ನಾನು ಅವಸರವಾಗಿ ಕಿಟಕಿ ತೋರಿಸಿ, ನಮ್ಮ ಕಡೆ ಇಂಥ ಉಂಡೆಗಳನ್ನು ಯಾವಾಗ ಮಾಡುತ್ತಾರೆಂದು ವಿವರಿಸಿದೆ. ಅವರು ಮಾಸ್ಕಿನ ಮೇಲೆ ಕೈಯಿಟ್ಟುಕೊಂಡರು. ನಕ್ಕರೋ ನಿಟ್ಟುಸಿರು ಬಿಟ್ಟರೋ, ಈಗಲೂ ಹೇಳಲಾರೆ.

ಉಂಡೆಗಳು ಚಂದ್ರನಿಗಂತೆ. ಶರತ್ಕಾಲದ ಈ ಹುಣ್ಣಿಮೆಗೆ ಅಕ್ಕಿಹಿಟ್ಟಿನ ದಾಂಗೊ ಬೇಯಿಸಿ ಪೇರಿಸಿಟ್ಟು, ಆಮೇಲೆ ತಿನ್ನುವುದು ಅವರ ಪದ್ಧತಿ. ಹುಲ್ಲು ಭತ್ತದ ತೆನೆಯ ಬದಲಿಗೆ. ಅವರ ಊರಿನಲ್ಲಿ ಆ ದಿನ ಮಕ್ಕಳು ಉದ್ದನೆಯ ಕೋಲಿನ ತುದಿಗೆ ಮೊಳೆ ಸಿಕ್ಕಿಸಿ, ಮನೆಮನೆಯ ದಾಂಗೊ ಕದಿಯುತ್ತಿದ್ದರಂತೆ. ದೊಡ್ಡವರು ಕಂಡೂ ಕಾಣದಂತಿರಬೇಕು, ಕಳವಾದರೆ ಆ ಮನೆಗೆ ಒಳ್ಳೆಯದು. ವಸಂತದಲ್ಲಿ ಚೆರಿ ಹೂವು ಬಿಟ್ಟಾಗ ಮೂರು ಬಣ್ಣದ್ದು ಮಾಡುತ್ತಾರೆ. ನನ್ನ ಗಿಲಕಿ ಅದು. ಇಷ್ಟು ಹೇಳಿ ಯೋಶಿಕೊ ಸ್ವಲ್ಪ ತಡೆದರು. ಸತ್ತವರಿಗೂ ಮಾಡುತ್ತೇವೆ, ಎಂದರು. ತಲೆದಿಂಬಿನ ಪಕ್ಕ ಇಡುತ್ತೇವೆ. ಹಿಟ್ಟು ಅದೇ, ನೀರು ಅದೇ. ನಿಮ್ಮ ತಾಯಿ ತಿಳಿದದ್ದು ಪೂರ್ತಿ ತಪ್ಪೇನಲ್ಲ.

ನಾಚಿಕೆಯ ಸಂಗತಿಯೆಂದರೆ ನನ್ನೊಳಗಿನ ಹಳೆಯ ಜಾನಪದ ವಿದ್ಯಾರ್ಥಿನಿಯ ಕಿವಿ ನಿಮಿರಿತು. ಹಿಟ್ಟು ನಾದುವವರು ಯಾರು, ಆಮೇಲೆ ಅದನ್ನು ಯಾರು ತಿನ್ನುತ್ತಾರೆ, ನಮ್ಮಲ್ಲಿಯ ಹಾಗೆ ಕಾಗೆ ಬರಬೇಕೇ, ಒಂದಾದ ಮೇಲೊಂದು ಕೇಳುತ್ತ ಹೋದೆ. ಎರಡು ದೂರದ ನಾಡುಗಳಲ್ಲಿ ಅಕ್ಕಿಹಿಟ್ಟು ಸತ್ತವರಿಗಾಗಿ ಉಂಡೆಯೇ ಯಾಕಾಗಬೇಕು ಎಂದು ತಲೆಯಲ್ಲಿ ಲೇಖನವೊಂದು ಸಿದ್ಧವಾಗುತ್ತಿತ್ತು. ಅಮ್ಮ ನನ್ನ ತೋಳು ಚಿವುಟಿದಳು.

“ಏನಂತೆ? ಯಾರಂತೆ?”

“ಯಾರೂ ಹೋಗಿಲ್ವಂತಮ್ಮ. ಚಂದ್ರನಿಗೆ ನೈವೇದ್ಯ ಅಂತೆ.”

“ಸದ್ಯ,” ಎಂದಳು. ಅವಳಿಗೆ ಅವಮಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆದರೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಾಗ, ಬಂದ ಕೆಲಸ ಕೈತಪ್ಪಿದವಳ ಹಾಗೆ ಕಂಡಳು.

ಯೋಶಿಕೊ ಕೇಳಿದರು: ನಿಮ್ಮ ಮನೆಯಲ್ಲಿ ಹೋದವರು ಯಾರು?

ಅಪ್ಪ, ಎಂದೆ. ಮೇ ತಿಂಗಳಲ್ಲಿ.

ಅವರು ಒಲೆ ಆರಿಸಿದರು. ತಮ್ಮ ಕುರ್ಚಿಯನ್ನು ಅಮ್ಮನ ಎದುರಿಗೆ ಎಳೆದುಕೊಂಡರು, ಒಂದೂವರೆ ಮೀಟರ್ ಖಂಡಿತ ಇರಲಿಲ್ಲ. ತೊಡೆಯ ಮೇಲೆ ಕೈ ಜೋಡಿಸಿಕೊಂಡು, ನಿಮ್ಮ ತಾಯಿ ನನ್ನನ್ನು ಕೇಳಿದ್ದನ್ನೇ ನಾನೂ ಅವರನ್ನು ಕೇಳುತ್ತಿದ್ದೇನೆ, ಹೇಳಿ ಎಂದರು.

“ಹೇಗಾಯ್ತು ಅಂತ ಕೇಳ್ತಿದಾರಮ್ಮ,” ಎಂದೆ. ನಾನು ಕೇಳಬೇಕಾಗಿದ್ದ ಪ್ರಶ್ನೆ ಕೊನೆಗೂ ನನ್ನ ಬಾಯಿಂದ ಬಂದದ್ದು ಅನುವಾದವಾಗಿ.

ಅಮ್ಮ ಮತ್ತೆ ಕೂತಳು.

“ಉಪ್ಪಿಟ್ಟು ಮಾಡಿದ್ದೆ. ಉಪ್ಪಿಲ್ಲ ಅಂದ್ರು. ಹಾಕ್ದೆ. ಇನ್ನೂ ಸಾಲ್ದು ಅಂದ್ರು. ನಂಗೆ ಸಿಟ್ಟು ಬಂತು, ಡಬ್ಬೀನೇ ತಂದು ಮುಂದೆ ಇಟ್ಟೆ, ಎಷ್ಟು ಬೇಕೋ ಸುರ್ಕೊಳ್ಳಿ ಅಂತ. ಸುರ್ಕೊಂಡ್ರು, ತಿಂದ್ರು, ಏನೂ ಅನ್ಲಿಲ್ಲ. ತಟ್ಟೇಲಿ ಉಳ್ದಿದ್ದು ಬಾಯಿಗೆ ಹಾಕ್ಕೊಂಡ್ರೆ ನುಂಗಕ್ಕಾಗ್ಲಿಲ್ಲಮ್ಮ, ಬರೀ ಉಪ್ಪು. ಆಗ ನಂಗೆ ಗೊತ್ತಾಯ್ತು, ರುಚಿ ಹೋಗಿದೆ ಅಂತ. ಅವ್ರಿಗೆ ಹೇಳ್ಲಿಲ್ಲ. ಅಡುಗೆಮನೇಲೇ ನಿಂತ್ಕೊಂಡಿದ್ದೆ.”

ಇಷ್ಟನ್ನು ಇಂಗ್ಲಿಷಿಗೆ ತರಲು ಬಾಯಿ ತೆರೆದೆ. ಯೋಶಿಕೊ ಅಮ್ಮನ ಮುಖದಿಂದ ಕಣ್ಣು ತೆಗೆಯದೆ, ಬೇಡವೆಂದು ನನಗೆ ಕೈಸನ್ನೆ ಮಾಡಿದರು. ಅಮ್ಮ ಕನ್ನಡದಲ್ಲಿ ಹೇಳುತ್ತ ಹೋದಳು. ಆಂಬುಲೆನ್ಸು, ಹಾಸಿಗೆ ಸಿಗದೆ ಅಲೆದದ್ದು, ಅವರ ಕನ್ನಡಕ ಮನೆಯಲ್ಲೇ ಉಳಿದದ್ದು. ಯೋಶಿಕೊ ಅಲ್ಲಲ್ಲಿ “ಹಾಯ್, ಹಾಯ್” ಎಂದು ತಲೆಯಾಡಿಸುತ್ತಿದ್ದರು, ನಮ್ಮ ‘ಹೂಂ’ ಅನ್ನುವ ಹಾಗೆ. ಇವು ಯಾವುವೂ ನನಗೆ ಗೊತ್ತಿರಲಿಲ್ಲ. ನಾನು ಹೊರಗಿನವಳ ಹಾಗೆ ಕೂತು ಕೇಳಿದೆ.

ಎಷ್ಟು ಹೊತ್ತಾಯಿತೋ. ಮಾತು ಮುಗಿದ ಮೇಲೆ ಯೋಶಿಕೊ ದಾಂಗೊ ಬಡಿಸಿದರು, ಮೇಲೆ ಸೋಯಾ ಸಾಸ್ ಮತ್ತು ಸಕ್ಕರೆ ಕಾಯಿಸಿದ ಕಂದು ಪಾಕ. ಹೊರಗೆ ಮೋಡ ಕವಿದು ಚಂದ್ರ ಕಾಣುತ್ತಿರಲಿಲ್ಲ. ಕಾಣದಿದ್ದರೂ ಇದು ಚಂದ್ರನ ಹಬ್ಬವೇ, ಎಂದರು. ಅಮ್ಮ ಒಂದನ್ನು ಬೆರಳಿನಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. “ಹಿಟ್ಟು ಚೆನ್ನಾಗಿ ನಾದಿದಾರೆ. ಹೇಳು ಅವ್ರಿಗೆ,” ಎಂದಳು.

ಮೊನ್ನೆ ಕಡುಬಿನ ಪಾತ್ರೆ ಒಲೆಯ ಮೇಲಿಟ್ಟು ಅಮ್ಮನಿಗೆ ಫೋನ್ ಮಾಡಿದೆ. ಬರೆಯುವ ಮುನ್ನ ಒಂದೆರಡು ವಿವರ ಖಚಿತ ಮಾಡಿಕೊಳ್ಳುವುದು ನನ್ನ ಉದ್ದೇಶ. ಆ ಸಂಜೆ ನಾವು ಹೋದಾಗ ಅವರ ಗಂಡ ಮನೆಯಲ್ಲಿದ್ದರಾ, ಎಂದು ಕೇಳಿದೆ.

“ನಾವೆಲ್ಲಿ ಹೋಗಿದ್ವಿ? ಆಯಮ್ಮನೇ ಬಂದಿದ್ದು ಕಣೇ, ನಮ್ಮನೆಗೆ. ಉಂಡೆ ತಗೊಂಡು. ಬಾಗ್ಲಲ್ಲಿ ಚಪ್ಪಲಿ ಬಿಟ್ಟು, ನಿನ್ನ ಸೋಫಾ ಮೇಲೆ ನನ್ನ ಪಕ್ಕ ಕೂತ್ಕೊಂಡ್ಳು. ನಿಮ್ಮಪ್ಪ ಹೋದಾಗ ಯಾರೂ ಬರ್ಲಿಲ್ಲ ಅಂತ ಹೇಳ್ಬೇಡ, ಅವಳೊಬ್ಳು ಬಂದ್ಳಲ್ಲ.”

ನನ್ನ ದಿನಚರಿಯಲ್ಲಿ ಇರುವುದೇ ಬೇರೆ, ಕೋಣೆಗೆ ಹೋಗಿ ತೆಗೆದು ಓದಿ ಹೇಳಬಹುದಿತ್ತು. ಬದಲಿಗೆ ಒಲೆ ಸಣ್ಣ ಮಾಡಿದೆ. ಪಾತ್ರೆಯ ಮುಚ್ಚಳ ಸಣ್ಣಗೆ ಕುಣಿಯುತ್ತಿತ್ತು. ಅಮ್ಮ ಹೇಳಿದಂತೆ, ಬಾಗಿಲಲ್ಲಿ ಬಗ್ಗಿ ಚಪ್ಪಲಿ ಜೋಡಿಸಿಡುತ್ತಿದ್ದ ಯೋಶಿಕೊ ನನಗೂ ಕಂಡರು.

“ಹೌದಮ್ಮ, ಬಂದಿದ್ರು.”

“ನೀನು ಕಾಫಿ ಕೊಟ್ಟಿದ್ದೆ ತಾನೇ ಅವ್ರಿಗೆ? ನಂಗದು ನೆನಪಿಲ್ಲ.”

“ಕೊಟ್ಟಿದ್ದೆ,” ಎಂದೆ. “ಸಕ್ಕರೆ ಬೇಡ ಅಂದ್ರು.”