ರಾಜನನ್ನು ಕದ್ದವಳು

ನನ್ನ ಮಗಳು ಹನ್ನೆರಡನೇ ವಯಸ್ಸಿನಲ್ಲಿ ಒಬ್ಬ ಕಳ್ಳನಿಗೆ ಮನಸೋತಳು. ಜಪಾನಿನ ಕಾರ್ಟೂನಿನ ಕಳ್ಳ. ಕಾರ್ಟೂನ್ ಅಂದರೆ ಅವಳಿಗೆ ಸಿಟ್ಟು, ಅನಿಮೆ ಅನ್ನಬೇಕು. ಬಿಳಿ ಕೈಗವಸು, ಇಸ್ತ್ರಿ ಮಾಡಿದ ಕೋಟು, ಅಜ್ಜಿಯರನ್ನು ಕಂಡರೆ ಸೊಂಟ ಬಗ್ಗಿಸಿ ನಮಸ್ಕಾರ. ಕದಿಯುವ ಮುಂಚೆ ಮನೆಯವರಿಗೆ ಒಂದು ಚೀಟಿ ಕಳಿಸುತ್ತಾನೆ: ಇಂಥ ದಿನ, ಇಂಥ ಹೊತ್ತಿಗೆ, ಇಂಥ ವಸ್ತು ಒಯ್ಯುತ್ತೇನೆ. ಒಂದು ಮನೆಯಿಂದ ಒಂದೇ ವಸ್ತು. "ಕಳ್ಳನಿಗೆ ಎಂಥದ್ದೇ ಮರ್ಯಾದೆ?" ಎಂದು ನಾನು ಬೈಯುತ್ತಿದ್ದೆ. ಬೈಯುತ್ತಲೇ ಸೋಫಾದ ಅಂಚಿನಲ್ಲಿ ಕೂತು, ಹುರುಳಿಕಾಯಿ ನಾರು ತೆಗೆಯುತ್ತಾ ಅವಳ ಜೊತೆ ಎಷ್ಟೋ ಕಂತು ನೋಡಿದ್ದೇನೆ. ಅವನು ಸಿಕ್ಕಿಬೀಳಬಾರದು ಎಂದು ನನಗೂ ಅನ್ನಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಅವಳು ಓದಲು ಆಸ್ಟಿನ್‌ಗೆ ಹೋದಳು. ಹ್ಯೂಸ್ಟನ್‌ನಲ್ಲಿ ಕಾಲೇಜಿಗೇನು ಬರವೇ? ಆ ಸಿಟ್ಟಿಗೆ ಎರಡು ವರ್ಷ ನಾನು ಅಲ್ಲಿನ ಅವಳ ರೂಮಿನ ಕಡೆ ತಲೆ ಹಾಕಲಿಲ್ಲ. ಸಾಮಾನು ಇಳಿಸಿ ಬಂದವರು ನನ್ನ ಗಂಡ. ಹ್ಯೂಸ್ಟನ್ ಪಕ್ಕದಲ್ಲೇ ಇರುವ ನಮ್ಮ ಮಿಸೌರಿ ಸಿಟಿಯ ಮನೆಯಲ್ಲಿ ದಸರಾ ಗೊಂಬೆ ಕೂರಿಸುವುದೂ ನಿಂತಿತು. ಮಂಡಿ ನೋವು ಎಂದು ಎಲ್ಲರಿಗೂ ಹೇಳಿದೆ. ಅವಳಿಲ್ಲದೆ ಕೂರಿಸಲು ಮನಸ್ಸಿರಲಿಲ್ಲ, ಅಷ್ಟೇ.

ಈ ಸಲ ಎಲ್ಲ ಗೊಂಬೆಗಳನ್ನೂ ಸೌತ್‌ಲೇಕ್‌ಗೆ ಹೊಸದಾಗಿ ಬಂದ ಒಂದು ಮೈಸೂರಿನ ಕುಟುಂಬಕ್ಕೆ ಕೊಟ್ಟುಬಿಡಲು ನಿರ್ಧರಿಸಿದೆ. ಪಟ್ಟದ ಗೊಂಬೆಗಳೂ ಸೇರಿ. ಮರದ ರಾಜ, ರಾಣಿ. ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಜೋಡಿ. ನನಗೆ ಅಮ್ಮ ಕೊಟ್ಟಿದ್ದು, ಅಮ್ಮನಿಗೆ ಅವಳ ಅಮ್ಮ. ಫೋನಿನಲ್ಲಿ ಮಗಳಿಗೆ ವಿಷಯ ಹೇಳಿದೆ. "ಓಕೆ" ಅಂದಳು. ಆ ಒಂದು ಓಕೆಗೆ ನನ್ನ ಮೈಯೆಲ್ಲ ಉರಿಯಿತು. ಬೇಡಮ್ಮ, ಇಟ್ಟುಕೋ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಆ ವಾರ ಅವಳು ಮನೆಗೆ ಬಂದಳು. ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ. ಅದೂ ಕನ್ನಡದಲ್ಲಿ! ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಇವಳು. "ಇಂದು ಸಂಜೆ ಐದು ಗಂಟೆಗೆ ನಿಮ್ಮ ರಾಜನನ್ನು ಒಯ್ಯುತ್ತೇನೆ. ಮೊದಲೇ ತಿಳಿಸುವುದು ನನ್ನ ಪದ್ಧತಿ." ಹುಡುಗಾಟ ಎಂದು ನಕ್ಕು, ಸಂಜೆ ಕೊತ್ತಂಬರಿ ಸೊಪ್ಪು ತರಲು ಹೋದೆ. ವಾಪಸ್ ಬಂದಾಗ ಅವಳ ಕಾರಿರಲಿಲ್ಲ. ಗೊಂಬೆಯ ಪೆಟ್ಟಿಗೆ ತೆರೆದಿತ್ತು. ರಾಣಿಯ ಪಕ್ಕದಲ್ಲಿ ರಾಜನ ಬದಲು ಒಂದು ಬಿಳಿ ಕೈಗವಸು.

"ಏನೇ ಇದು? ಬೇಕು ಅಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?" ಎಂದು ಫೋನಿನಲ್ಲಿ ಕೂಗಾಡಿದೆ.

"ಅಮ್ಮ, ನೀನು ಕೊಡ್ತೀನಿ ಅಂತ ಹೇಳ್ದೆ. ಬೇಕಾ ಅಂತ ಕೇಳ್ಲೇ ಇಲ್ಲ."

ನಿಜವಾಗಿಯೂ ನಾನು ಕೇಳಿರಲಿಲ್ಲ.

ಇನ್ನು ಕೊಟ್ಟ ಮಾತಿನ ಗತಿ? ಸೌತ್‌ಲೇಕ್‌ನ ಆ ಮನೆಯ ಹುಡುಗಿಗೆ ಫೋನ್ ಮಾಡಿ, ಪಟ್ಟದ ಗೊಂಬೆ ಮಾತ್ರ ಕೊಡಕ್ಕಾಗಲ್ಲಮ್ಮ ಎಂದು ತಡವರಿಸಿದೆ.

"ಅಯ್ಯೋ ಆಂಟಿ, ಅದನ್ನೂ ಕೊಡ್ತೀನಿ ಅಂದಾಗ್ಲೇ ನಂಗೆ ಗಾಬರಿಯಾಗಿತ್ತು. ಅದು ಮಗಳಿಗಲ್ವಾ ಸೇರಬೇಕಾದ್ದು? ಮಿಕ್ಕಿದ್ದೇ ಸಾಕು" ಅಂದಳು. ನಿನ್ನೆ ಮೊನ್ನೆ ಬಂದವಳ ಕೈಲಿ ಹೇಳಿಸಿಕೊಂಡ ಹಾಗಾಯಿತು.

ನಾನೂ ಒಂದು ಚೀಟಿ ಬರೆದು, ಫೋಟೋ ತೆಗೆದು ಮಗಳಿಗೆ ಕಳಿಸಿದೆ: "ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮಲ್ಲಿ ರಾಣಿಯನ್ನು ಬಿಟ್ಟು ಹೋಗುತ್ತೇನೆ." ರಾಣಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ, ಮೂರು ಗಂಟೆ ಡ್ರೈವ್ ಮಾಡಿದೆ. ಅವಳ ಮೇಜಿನ ಮೇಲೆ ದಪ್ಪ ಪುಸ್ತಕಗಳು, ಅವುಗಳ ಮೇಲೆ ಒಗೆದ ಟವೆಲ್, ಟವೆಲಿನ ಮೇಲೆ ರಾಜ. ಪಕ್ಕದಲ್ಲಿ ಇನ್ನೊಂದು ಗೊಂಬೆಯಷ್ಟು ಜಾಗ ಖಾಲಿ ಬಿಟ್ಟಿದ್ದಳು.

"ಜೋಡಿ ಗೊಂಬೆ ಅಗಲಿಸಬಾರದು ಅಂತ ಗೊತ್ತಿಲ್ವೇನೇ? ಕದಿಯೋದಾದ್ರೆ ಇಬ್ರನ್ನೂ ಕದೀಬೇಕಿತ್ತು" ಎಂದು ಗದರಿದೆ.

ಅವಳು ತಲೆ ಎತ್ತದೆ ರಾಣಿಗೆ ಸುತ್ತಿದ ಸೀರೆ ಬಿಡಿಸುತ್ತಿದ್ದಳು. "ಇಬ್ರನ್ನೂ ತಂದಿದ್ರೆ ನೀನು ಇಲ್ಲಿಗೆ ಬರ್ತಿದ್ಯಾ?" ಅಂದಳು.