ಬಾಗಿಲಾಚೆ ಬೊಳ್ಳ

ಚಿಲಕ ಇರಲಿಕ್ಕಿಲ್ಲ, ಕಾಲು ಜಾರಬಹುದು, ಗೋಡೆಯ ಹಲ್ಲಿ ತಲೆಯ ಮೇಲೆ ಬೀಳಬಹುದು. ಮೊನ್ನೆ ಅತ್ತಿಗೆಯನ್ನು ಹೊರಗೆ ನಿಲ್ಲಿಸಿ ಸುಬ್ರಹ್ಮಣ್ಯದ ಹೊಳೆಬದಿಯ ಶೌಚಾಲಯಕ್ಕೆ ಇಷ್ಟೆಲ್ಲ ಹೆದರಿಕೊಂಡೇ ಹೋದೆ. ಒಳಗೆ ನೋಡಿದರೆ, ಕಳೆದ ವರ್ಷ ಸಿಂಗಾಪುರದಲ್ಲಿ ಕಂಡಷ್ಟೇ ಸ್ವಚ್ಛ! ಅಲ್ಲಿ ಬರೀ ಕಾಗದವಿತ್ತು; ಇಲ್ಲಿ ನಳ್ಳಿ ಇತ್ತು, ತಿರುಗಿಸಿದರೆ ನೀರಿಲ್ಲ, ಹಾಗೇ ಬಿಟ್ಟೆ.

ಹೊರಗೆ ಧೋ ಎಂದು ಮಳೆ. ಅಷ್ಟರಲ್ಲಿ ಕೇರಳದಿಂದ ಬಂದಿದ್ದ ಹೆಂಗಸೊಬ್ಬರು ಬಾಗಿಲು ಬಡಿದು ಕೂಗಿದರು: “ವೆಳ್ಳಂ ವನ್ನು! ವೆಳ್ಳಂ ವನ್ನು!”

ಮಲಯಾಳ ನನಗೆ ತಿಳಿಯದ್ದಲ್ಲ. ಆದರೆ ಹೆದರಿದ ಕಿವಿಗೆ ಬಿದ್ದದ್ದು ತುಳುವಿನ ‘ಬೊಳ್ಳ’, ಅಂದರೆ ನೆರೆ. ಹೊಳೆ ಉಕ್ಕಿತೆಂದೇ ತಿಳಿದೆ. ನೋಡುತ್ತಿದ್ದಂತೆ ಪಾದಕ್ಕೂ ನೀರು ಬಂತು. ಕುಣಿದಾಡುತ್ತ ಎಷ್ಟು ಎಳೆದರೂ ಚಿಲಕ ಬಗ್ಗಲಿಲ್ಲ.

“ಬೊಳ್ಳ ಬಂತಾ ಅತ್ತಿಗೆ? ಬಾಗಿಲು ಒಡೆಯಿರಿ!” ಎಂದು ಕಿರುಚಿದೆ.

ಹೊರಗಿದ್ದ ಅತ್ತಿಗೆ ನಗು ತಡೆಯಲಾರದೆ, “ಬೊಳ್ಳ ಅಲ್ಲ ಮಾರಾಯ್ತಿ, ನಳ್ಳಿಯಲ್ಲಿ ನೀರು ಬಂದದ್ದು! ಎಂತ ಬೊಬ್ಬೆ ಹಾಕುದು? ಮೊದಲು ನಳ್ಳಿ ಬಂದ್ ಮಾಡು” ಎಂದರು.

ಹೆದರಿದ್ದು ಯಾವುದೂ ಆಗಲಿಲ್ಲ. ಸಿಂಗಾಪುರಕ್ಕೆ ಸಮನಾಗಿದ್ದ ಆ ನೆಲ ಮಾತ್ರ ಕೊಳಕಾಯಿತು, ಗಾಬರಿಯಲ್ಲಿ ಕುಣಿದ ನನ್ನದೇ ಕೆಸರು ಚಪ್ಪಲಿಯಿಂದ.