ಮಂಜನ ಆಟಕ್ಕೆ ನಾನು ಸೇರಿಸಿದ ಹದಿನಾರು ಸಾಲು

ನಾಲ್ಕು ವರ್ಷಗಳ ಹಿಂದೆ ಮಂಡ್ಯದ ವಿಡಿಯೋ ಗೇಮ್ ಸ್ಪರ್ಧೆಯಲ್ಲಿ ನನ್ನ ತಮ್ಮ ಮಂಜ ಗೆದ್ದದ್ದು ನನ್ನ ಮೋಸದಿಂದ. ಮೋಸ ಅವನದಲ್ಲ — ಅವನಿಗೆ ಅದು ಗೊತ್ತೇ ಇರಲಿಲ್ಲ. ನಾನು ಮಾಡಿದೆ, ನಾನೇ ಮುಚ್ಚಿಟ್ಟೆ, ಅವನು ಎಲ್ಲರೆದುರು ಕಪ್ ಎತ್ತಿ ಹಿಡಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆಯನ್ನೂ ತಟ್ಟಿದೆ.

ಇದನ್ನು ಓದಿ ಕೆಲವರು ನಗುತ್ತಾರೆ ಎಂದು ಗೊತ್ತು. ನಲವತ್ತು ದಾಟಿದ ಹೆಂಗಸು, ಗೇಮ್ ಆಡುವುದೇ ಒಂದು, ಅದರಲ್ಲಿ ಮೋಸ ಮಾಡಿದೆನೆಂದು ಅಳುವುದು ಇನ್ನೊಂದು! ನಗಲಿ. ನಾನು ಅಳುತ್ತಿಲ್ಲ. ಆಟ ಆಡಿದ್ದಕ್ಕೆ ನನಗೆ ನಾಚಿಕೆಯಿಲ್ಲ, ಮುಂದೆಯೂ ಆಡುತ್ತೇನೆ. ನಾಚಿಕೆ ಇರುವುದು ಬೇರೆ ಕಡೆ.

ಮಂಜ ಕಬಡ್ಡಿ ಆಟಗಾರ. ಬೆಸಗರಹಳ್ಳಿಯ ನಮ್ಮ ತಂಡದಲ್ಲಿ ಅವನು ರೈಡಿಗೆ ಹೊರಟರೆ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮದ್ದೂರಿನ ಹತ್ತಿರ ಬೈಕು ಜಾರಿ ಬಲಭುಜದ ನರಗಳು ಹರಿದವು. ಕೈ ಉಳಿಯಿತು, ಆದರೆ ಜೀವವಿಲ್ಲದೆ ಜೋತುಬಿದ್ದಿತು. ಆಮೇಲೆ ಅವನು ಆಟದ ಬಯಲಿನ ಕಡೆ ತಲೆ ಹಾಕಲಿಲ್ಲ. ಗೆಳೆಯರು ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ.

ಆಗ ನಾನು ಮದ್ದೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವ ಕೆಲಸದಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಅಂಗಡಿಯವರು ಗುಜರಿಗೆ ಹಾಕಬೇಕೆಂದಿದ್ದ ಒಂದು ಕಂಪ್ಯೂಟರನ್ನು ಕೇಳಿ ಮನೆಗೆ ತಂದೆ. ಅದರಲ್ಲಿ ವಿಂಡೋಸ್ ಹಾಕಿದರೆ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಅದನ್ನು ತೆಗೆದು, ಪುಕ್ಕಟೆ ಸಿಗುವ, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುವ ಲಿನಕ್ಸ್ ಹಾಕಿದೆ. ಲಿನಕ್ಸಿಗೆಂದೇ ಮಾಡಿದ ಆಟಗಳು ಕೆಲವು ಸಿಕ್ಕವು. ಮಂಜ ಇಷ್ಟಪಟ್ಟದ್ದು ಮಾತ್ರ ಇಬ್ಬರು ಎದುರಾಬದುರಾ ನಿಂತು ಹೊಡೆದಾಡುವ ಒಂದು ಆಟ — ಅದು ವಿಂಡೋಸಿನದು. ಅಂಥ ಆಟವನ್ನು ಲಿನಕ್ಸಿನಲ್ಲಿ ಓಡಿಸಲು ನಡುವೆ ಇನ್ನೊಂದು ತಂತ್ರಾಂಶ ಬೇಕು. ಇದು ವಿಂಡೋಸೇ ಎಂದು ಆಟವನ್ನು ಅದು ನಂಬಿಸುತ್ತದೆ. ಮೊದಮೊದಲು ಚಿತ್ರ ಗಕ್ಕೆಂದು ನಿಂತು ನಿಂತು ಓಡುತ್ತಿತ್ತು. ನೆರಳುಗಳನ್ನು ತೆಗೆದೆ, ಚಿತ್ರದ ಗಾತ್ರ ಇಳಿಸಿದೆ, ಬೇಡದ್ದನ್ನೆಲ್ಲ ಮುಚ್ಚಿದೆ. ಒಂದು ವಾರದ ಮೇಲೆ ಆಟ ಎಣ್ಣೆ ಹಾಕಿದ ಗಾಲಿಯಂತೆ ಓಡಿತು. ಅವತ್ತು ನನಗಾದ ಸಂತೋಷವನ್ನು — ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು.

ಆಟ ಆಡಲು ಹಿಡಿಯುವ ಕಂಟ್ರೋಲರ್ ಎರಡು ಕೈಯವರಿಗಾಗಿ ಮಾಡಿದ ವಸ್ತು. ಎಡಗೈಯಲ್ಲಿ ಅದರ ಕಡ್ಡಿಯನ್ನು ತಿರುಗಿಸಬಹುದು, ಬಲಗಡೆಯ ಗುಂಡಿಗಳಿಗೆ ಏನು ಮಾಡುವುದು? ಲಿನಕ್ಸಿನಲ್ಲಿ ಒತ್ತಿದ ಪ್ರತಿಯೊಂದು ಗುಂಡಿಯನ್ನೂ ನಡುವೆ ಹಿಡಿದು, ಬೇರೆ ಗುಂಡಿಯಾಗಿ ಆಟಕ್ಕೆ ದಾಟಿಸಬಹುದು ಎಂದು ಓದಿಕೊಂಡೆ. ಹೊಲಿಗೆ ಯಂತ್ರದ ಮೋಟಾರಿಗೆ ಕಾಲಲ್ಲಿ ಒತ್ತುವ ಪೆಡಲ್ ಇರುತ್ತದಲ್ಲ, ಹಳೆಯವು ಎರಡನ್ನು ತಂದು ತಂತಿ ಎಳೆದು ಜೋಡಿಸಿದೆ. ನಡುವಿನ ಪ್ರೋಗ್ರಾಮನ್ನು ನಾನೇ ಬರೆದೆ. ಎಡಗೈ, ಎರಡು ಪಾದ — ಮಂಜ ಆಡತೊಡಗಿದ. ಬೈಕಿನಿಂದ ಬಿದ್ದ ಮೂರು ವರ್ಷದ ಮೇಲೆ ಅವನು ಬಾಯಿ ತುಂಬ ಬೈದಿದ್ದನ್ನು ಕೇಳಿ ಅವ್ವ ಒಳಗಿನಿಂದ ಓಡಿಬಂದಳು, ನಗುತ್ತ.

ಆ ಆಟದಲ್ಲಿ ಒಂದು ಏಟಿದೆ. ನಾವು ಅದನ್ನು ಸುಳಿ ಏಟು ಎನ್ನುತ್ತಿದ್ದೆವು. ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿ, ಕಣ್ಣು ಮಿಟುಕಿಸುವುದರೊಳಗೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಬೆರಳಿಗೇ ಕಷ್ಟ, ಎರಡು ಪಾದಗಳನ್ನು ಆ ಗಳಿಗೆಗೆ ಸರಿಯಾಗಿ ಒಟ್ಟಿಗೆ ಊರುವುದು... ನಾಲ್ಕು ತಿಂಗಳು ಪ್ರಯತ್ನಿಸಿದ. ಒಂದು ಸಾರಿಯೂ ಬರಲಿಲ್ಲ. ಕೊನೆಗೊಂದು ಸಂಜೆ ಪೆಡಲನ್ನು ಒದ್ದು ಎದ್ದ.

"ಬುಡಕ್ಕ. ಕಬಡ್ಡಿಗೂ ಆಗ್ನಿಲ್ಲ ನಾನು, ಇದ್ಕೂ ಆಗ್ನಿಲ್ಲ."

ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ನನ್ನ ಪ್ರೋಗ್ರಾಮಿಗೆ ಹದಿನಾರು ಸಾಲು ಸೇರಿಸಿದೆ. ಕಡ್ಡಿ ಸುಮಾರಾಗಿ ತಿರುಗಿ, ಯಾವುದಾದರೂ ಒಂದು ಪೆಡಲ್ ಒತ್ತಿದರೆ ಸಾಕು — ಮಿಕ್ಕದ್ದನ್ನು ಪ್ರೋಗ್ರಾಮೇ ಮಾಡಿ ಮುಗಿಸುತ್ತಿತ್ತು. ಅವನನ್ನು ಪುಸಲಾಯಿಸಿ ಮತ್ತೆ ಕೂರಿಸಿದೆ. ಎರಡನೇ ಪ್ರಯತ್ನಕ್ಕೇ ಸುಳಿ ಏಟು ಬಿತ್ತು.

"ಅಕ್ಕಾ! ಬಂತು ಕಣಕ್ಕೋ, ಬಂತು!" ಎಂದು ಕೂಗಿದ. ಆಮೇಲೆ ತಟ್ಟನೆ ನನ್ನ ಮುಖ ನೋಡಿದ. "ನೀನೇನಾರ ಮಾಡುದ್ಯಾ?"

ಅದೊಂದು ಗಳಿಗೆ. ಹೂಂ ಎನ್ನಬಹುದಿತ್ತು. ಎಂದಿದ್ದರೆ ಇಬ್ಬರೂ ನಗುತ್ತಿದ್ದೆವೋ ಏನೋ.

"ನಾನೇನ್ ಮಾಡ್ಲಾ? ನಿನ್ ಕಾಲೇ ಕಲ್ತುಕೊಂಡವೆ," ಎಂದೆ.

ಮನೆಯೊಳಗೇ ಉಳಿದಿದ್ದರೆ ಅದು ಅಕ್ಕನ ಅಕ್ಕರೆ ಎನಿಸಿಕೊಳ್ಳುತ್ತಿತ್ತು. ಆದರೆ ಅವನು ಸ್ಪರ್ಧೆಗೆ ಹೆಸರು ಕೊಟ್ಟ. ನಾನು ತಡೆಯಲಿಲ್ಲ. ಮಂಡ್ಯದಲ್ಲಿ ಸ್ಪರ್ಧೆ ನಡೆಸುವವರು ನಮ್ಮ ಡಬ್ಬ ಕಂಪ್ಯೂಟರನ್ನು ನೋಡಿ ನಕ್ಕರು.

"ಲಿನಕ್ಸಾ? ಅದ್ರಲ್ಲಿ ಗೇಮ್ ಓಡ್ತವಾ ಮೇಡಂ? ನಮ್ ಸಿಸ್ಟಮ್ಮಲ್ಲೇ ಆಡ್ಸಿ."

ನಾನು ಜಗಳಕ್ಕೆ ನಿಂತೆ. ಒಂದು ಕೈಯವನಿಗೆ ಅವನ ಕಂಟ್ರೋಲರ್ ಬೇಕು, ಅದು ಇದರಲ್ಲೇ ಓಡುವುದು, ಬೇಡವೆಂದರೆ ಅವನನ್ನು ಬೇಕೆಂದೇ ಹೊರಗಿಟ್ಟಂತೆ ಎಂದೆ. ನನ್ನ ಪ್ರತಿಯೊಂದು ಮಾತೂ ನ್ಯಾಯದ ಮಾತು. ಆ ನ್ಯಾಯವನ್ನೇ ಹೊದಿಕೆ ಮಾಡಿಕೊಂಡು ಅದರಡಿ ಹದಿನಾರು ಸಾಲುಗಳನ್ನು ಒಳಗೆ ಸಾಗಿಸಿದೆ. ನಾನು ಮಾಡಿದ್ದರಲ್ಲಿ ಅತ್ಯಂತ ಹೊಲಸು ಅದೇ.

ಕೊನೆಯ ಪಂದ್ಯದಲ್ಲಿ ಎದುರಾಳಿ ಮಳವಳ್ಳಿಯ ಹುಡುಗಿ, ಚೈತ್ರ. ಕೂದಲೆಳೆಯಲ್ಲಿ ಸೋತಳು — ಸುಳಿ ಏಟಿಗೆ. ಎದ್ದುಬಂದು ಮಂಜನ ಎಡಗೈ ಹಿಡಿದು, "ಅದೆಂಗಣ್ಣ ಒಂದೇ ಕೈಲಿ ಮಾಡುದ್ರಿ?" ಎಂದು ಕೇಳಿದಳು. "ಬುಡ್ದೆ ಆಡ್ಬೇಕು ಕಣವ್ವ, ತಾನೇ ಬತ್ತದೆ," ಎಂದ ಅವನು. ನಂಬಿಯೇ ಹೇಳಿದ.

ಅಲ್ಲಿಂದ ಮಂಜ ಬದಲಾದ. ಗೆಳೆಯರ ಜೊತೆ ಕೂತ, ಕಬಡ್ಡಿ ನೋಡಲು ಹೋದ. ಕೈಕಾಲಿನ ತೊಂದರೆ ಇದ್ದವರಿಗೆ ಭಾನುವಾರ ನಮ್ಮ ಜಗಲಿಯಲ್ಲಿ ಆಟ ಕಲಿಸತೊಡಗಿದ. ಹಾಗೆ ಬಂದವರು ದುದ್ದದ ಸಿದ್ದರಾಜಣ್ಣ. ಬಸ್ ಕಂಡಕ್ಟರ್ ಆಗಿದ್ದವರು, ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವರಿಗೂ ನಾನೇ ಪೆಡಲ್ ಜೋಡಿಸಿಕೊಟ್ಟೆ. ಆದರೆ ಆ ಹದಿನಾರು ಸಾಲು ಹಾಕಲಿಲ್ಲ. ಮಾಡಿದ ಮೋಸ ಒಂದೇ ಸಾಕು ಎಂದುಕೊಂಡೆ — ಅದು ದೊಡ್ಡ ಪ್ರಾಮಾಣಿಕತೆ ಎಂಬಂತೆ!

ಸಿದ್ದರಾಜಣ್ಣ ಒಂದು ವರ್ಷ ತಪ್ಪದೆ ಬಂದರು. ಸುಳಿ ಏಟು ಬರಲೇ ಇಲ್ಲ. ಹೇಗೆ ಬರಬೇಕು? ಒಂದು ದಿನ ನಾನು ಕಾಫಿ ಕೊಡುವಾಗ ಮೆಲ್ಲಗೆ ಹೇಳಿದರು:

"ನಿಮ್ ತಮ್ಮುಂಗೆ ಬಂದದ್ದು ನಂಗ್ ಬರಾಕಿಲ್ಲ ಅಂದ್ರೆ ನಾನೇ ದಂಡ ಕಣವ್ವ. ಇನ್ ಬರಾಕಿಲ್ಲ ಬುಡಿ."

ಅವರು ಬಸ್ ಸ್ಟ್ಯಾಂಡಿನ ಕಡೆ ಕಾಲೆಳೆಯುತ್ತ ಹೋಗುವುದನ್ನು ನೋಡುತ್ತ ನಿಂತೆ. ನನ್ನ ಸುಳ್ಳು ನನ್ನ ತಮ್ಮನನ್ನು ಎಬ್ಬಿಸಿ ನಿಲ್ಲಿಸಿತು ಎಂದು ನಾಲ್ಕು ವರ್ಷ ಹೆಮ್ಮೆ ಪಟ್ಟಿದ್ದೆ. ಅದೇ ಸುಳ್ಳು ಇನ್ನೊಬ್ಬರನ್ನು ಕೆಡವುತ್ತಿತ್ತು.

ಆ ಮಧ್ಯಾಹ್ನವೇ ಮಂಜನಿಗೆ ಹೇಳಿದೆ. ಸಾಲು ಸಾಲಾಗಿ ತೋರಿಸಿದೆ. ಅವನು ಪರದೆಯನ್ನೇ ನೋಡುತ್ತಿದ್ದ.

"ತಗಿ ಅದ್ನ," ಎಂದ.

ತೆಗೆದೆ. ಅವನು ಕೂತು ಆಡಿದ, ಸಂಜೆ ದೀಪ ಹಚ್ಚುವವರೆಗೆ. ಸುಳಿ ಏಟು ಒಂದೂ ಬರಲಿಲ್ಲ. ಕೊನೆಗೆ ನನ್ನ ಕಡೆ ತಿರುಗದೆಯೇ ಮಾತಾಡಿದ.

"ಆ ಮನ್ಸುಂಗೆ ನಾನು ಏನಂದೆ ಗೊತ್ತಾ ನಿಂಗೆ? ಸೋಮಾರಿ ಅಂದೆ. ಅಪ್ಪನ್ ವಯ್ಸಿನ್ ಮನ್ಸುಂಗೆ..." ಕಂಟ್ರೋಲರನ್ನು ಕೆಳಗಿಟ್ಟು, "ಇನ್ಮೇಲೆ ನನ್ ಆಟುಕ್ಕೆ ಬರ್ಬ್ಯಾಡ ನೀನು," ಎಂದ.

ಮಾರನೆಯ ದಿನ ಅವನೇ ದುದ್ದಕ್ಕೆ ಬಸ್ಸು ಹತ್ತಿದ. ಅಲ್ಲಿ ಏನು ಹೇಳಿದನೋ, ಹೇಗೆ ಕೇಳಿಕೊಂಡನೋ ನನಗೆ ಗೊತ್ತಿಲ್ಲ. ಮುಂದಿನ ಭಾನುವಾರ ಸಿದ್ದರಾಜಣ್ಣ ಮತ್ತೆ ನಮ್ಮ ಜಗಲಿಗೆ ಬಂದರು. ನನ್ನನ್ನು ಮಾತಾಡಿಸಲಿಲ್ಲ.

ಚೈತ್ರಳ ನಂಬರು ಹುಡುಕಿ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡಳು. "ಒಂದ್ ಕೈಯವ್ರ ಹತ್ರ ಸೋತ್ಬಂದ್ಲು ಅಂತ ಮನೇಲೆಲ್ಲ ಆಡ್ಕೊಂಡ್ರು ಮೇಡಂ. ನಾನು ಅವತ್ತೇ ಆಟ ಬುಟ್ಟೆ," ಎಂದಳು. ಫೋನು ಇಟ್ಟಳು. ಕಪ್ ಅವಳಿಗೆ ತಲುಪಿಸಿದ್ದೇನೆ. ಅದರಿಂದ ಅವಳ ನಾಲ್ಕು ವರ್ಷ ವಾಪಸು ಬರುವುದಿಲ್ಲ. ಚೈತ್ರ, ನೀನು ಯಾರ ಕೈಗೂ ಸೋಲಲಿಲ್ಲ. ನನಗೆ ಸೋತೆ, ಅದೂ ನಾನು ಎದುರು ನಿಲ್ಲದೆ.

ಸ್ಪರ್ಧೆ ನಡೆಸುವವರಿಗೂ ಎಲ್ಲವನ್ನೂ ಬರೆದು ಕಳುಹಿಸಿದೆ. ಅವರ ಉತ್ತರ ಎರಡು ಸಾಲು: ಇನ್ನು ಮುಂದೆ ಸ್ವಂತ ಕಂಪ್ಯೂಟರ್ ತರುವಂತಿಲ್ಲ, ಮಾರ್ಪಡಿಸಿದ ಕಂಟ್ರೋಲರ್ ಬಳಸುವಂತಿಲ್ಲ.

ಇಲ್ಲ. ಇದನ್ನು ನಾನು ಒಪ್ಪುವುದಿಲ್ಲ. ನನಗೆ ಶಿಕ್ಷೆ ಕೊಡಿ, ಬಾಗಿಲಲ್ಲಿ ನನ್ನ ಫೋಟೋ ಅಂಟಿಸಿ ಒಳಗೆ ಬಿಡಬೇಡಿ ಎಂದು ಬರೆಯಿರಿ, ನಾನು ತಲೆ ತಗ್ಗಿಸಿ ಹೊರಗೇ ನಿಲ್ಲುತ್ತೇನೆ. ಆದರೆ ಪೆಡಲ್ ಸುಳ್ಳು ಹೇಳಲಿಲ್ಲ, ಲಿನಕ್ಸ್ ಹೇಳಲಿಲ್ಲ, ಮಂಜನ ಎಡಗೈಯೂ ಹೇಳಲಿಲ್ಲ. ಹೇಳಿದವಳು ಎರಡೂ ಕೈ ನೆಟ್ಟಗಿರುವ ನಾನು. ಪ್ರೋಗ್ರಾಮನ್ನು ಯಾರು ಬೇಕಾದರೂ ಓದುವಂತೆ ನೆಟ್ಟಿನಲ್ಲಿ ಹಾಕಿದ್ದೇನೆ. ತೆಗೆದ ಹದಿನಾರು ಸಾಲುಗಳನ್ನೂ ಪಕ್ಕದಲ್ಲೇ ಇಟ್ಟು, ಇದು ಮೋಸ, ಮಾಡಿದ್ದು ನಾನು ಎಂದು ಬರೆದಿದ್ದೇನೆ. ಆ ನಿಯಮ ತೆಗೆಯಿರಿ ಎಂದು ಸ್ಪರ್ಧೆಯವರಿಗೆ ಪ್ರತಿ ವಾರ ಒಂದು ಅರ್ಜಿ ಹಾಕುತ್ತಿದ್ದೇನೆ. ಅರ್ಜಿ ಬರೆಯುವುದೇ ನನ್ನ ಕಸುಬು, ನನಗೆ ಬೇಸರ ಬರುವುದಿಲ್ಲ.

ಮಂಜ ನನ್ನೊಡನೆ ಮಾತು ಬಿಟ್ಟು ಮೂರು ತಿಂಗಳಾಯಿತು. ಬಿಡಲಿ, ಅದು ಅವನ ಹಕ್ಕು. ಅವನನ್ನು ಆಡಲು ಬಿಡುವವರೆಗೆ ನಾನು ನಿಲ್ಲಿಸುವುದಿಲ್ಲ. ಸೋಲುವುದಾದರೆ ಸೋಲಲಿ — ಈ ಸಲ ಅವನೇ ಸೋಲಲಿ.